ಆ ಕಡೆಯ ಅರ್ಧ ಪುಟ

ನಮ್ಮ ಮನೆಯಲ್ಲಿ ಉಣ್ಣಲು ಕೂತವರು ‘ಸಾಕು’ ಎನ್ನುವಂತಿರಲಿಲ್ಲ. ಹೊಟ್ಟೆ ತುಂಬಿದರೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಅದನ್ನು ನೋಡಿ ತಾವಾಗಿಯೇ ಮುಂದಿನ ತಾಟಿಗೆ ಹೋಗಬೇಕು. ಅಪ್ಪಿತಪ್ಪಿ ಬಾಯಿಂದ ಆ ಮಾತು ಬಂದರೆ ಆಯಿಯ ಮುಖ ಕಪ್ಪಾಗಿಬಿಡುತ್ತಿತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಮನೆಯ ಯಜಮಾನಿ. ಹೊಸ ನೆಂಟರು ಬಂದರೆ ಅವ್ವ ಅವರ ಕಾಲಿಗೆ ನೀರು ಕೊಡುವಾಗಲೇ ಈ ಸಂಗತಿಯನ್ನು ಕಿವಿಯಲ್ಲಿ ಹೇಳಿ ಒಳಗೆ ಕರೆತರುತ್ತಿದ್ದಳು. ಎಲ್ಲ ಮನೆಗಳಲ್ಲೂ ಹೀಗೇ ಇರುತ್ತದೆಂದು ನಾನು ಬಹಳ ದಿನ ತಿಳಿದಿದ್ದೆ. ಇದರ ಹಿಂದೆ ಒಂದು ಕಥೆಯಿತ್ತು. ನಾನು ಹುಟ್ಟುವ ಮೊದಲೇ ತೀರಿಹೋದ ನನ್ನ ಮುತ್ಯಾನ, ಎಂದರೆ ಆಯಿಯ ಗಂಡನ, ಹೆಸರಿನಲ್ಲಿ ಪ್ರತಿ ಅಮಾವಾಸ್ಯೆ ಆಯಿ ಒಂದು ತಾಟು ಬಡಿಸಿ ದೇವರ ಜಗುಲಿಯ ಮುಂದಿಡುತ್ತಿದ್ದಳು. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂಡಿಸಿ, ಬಡಿಸುತ್ತ ಬಡಿಸುತ್ತಲೇ ಆ ಕಥೆ ಹೇಳುತ್ತಿದ್ದಳು. ಪ್ರತಿ ಸಲವೂ ಅವೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಉಣ್ಣೋ ಗಂಡಸಿನ ಮುಂದಿನ ತಾಟ ಕಸ್ಕೊಂಡ್ಲು ಆಕಿ. ಸಾಕ, ಏಳ್ರಿ ಅಂದ್ಲು. ಅವ್ರು ಅರೆಹೊಟ್ಟಿಲೇ ಎದ್ದ ಬಂದ್ರು. ಮೂರ ತಿಂಗಳಿಗೆ ಹ್ವಾದ್ರು.”

‘ಆಕಿ’ ಎಂದರೆ ಮುತ್ಯಾನ ತಮ್ಮನ ಹೆಂಡತಿ ಗೌರವ್ವ. ನನಗೆ ಆಕೆ ಸಣ್ಣಾಯಿ ಆಗಬೇಕು. ಆದರೆ ಆ ಹೆಸರಿನಿಂದ ಕರೆಯುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಆಕೆ ಇದ್ದದ್ದು ನಮ್ಮ ಗೋಡೆಯ ಆ ಕಡೆ.

ಇಂಡಿ ಊರಿನ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ದೊಡ್ಡ ಮಣ್ಣಿನ ಮಾಳಿಗೆಯ ಮನೆ. ಮೊದಲು ಅದು ಒಂದೇ ಮನೆ, ಎರಡು ಒಲೆ. ಅಣ್ಣತಮ್ಮಂದಿರ ಅಡುಗೆ ಬೇರೆ, ಪಡಸಾಲೆ ಒಂದೇ. ಮುತ್ಯಾ ತೀರಿಕೊಂಡ ಮೇಲೆ ಆಯಿ ಪಡಸಾಲೆಯ ನಟ್ಟನಡುವೆ ಗೋಡೆ ಏಳಿಸಿದಳಂತೆ. ಹಿತ್ತಲಿನ ಬಾವಿಯ ತನಕ ಆ ಗೋಡೆ ಹೋಗಿತ್ತು. ಬಾವಿಯನ್ನು ಒಡೆಯಲಾಗದೆ ಅಲ್ಲಿಗೆ ನಿಂತಿತ್ತು. ಮುಂಜಾನೆ ನಮ್ಮ ಹಗ್ಗ, ಮಧ್ಯಾಹ್ನದ ಮೇಲೆ ಅವರ ಹಗ್ಗ. ನಮ್ಮ ಕಡೆಯ ಪಡಸಾಲೆಯ ತುಂಬ ನಿಂಬೆಹಣ್ಣಿನ ರಾಶಿ ಇರುತ್ತಿತ್ತು. ದಪ್ಪ, ಸಣ್ಣ, ಕಲೆ ಬಿದ್ದದ್ದು ಎಂದು ಆರಿಸುವುದು ಶಾಲೆಯಿಂದ ಬಂದ ಮೇಲೆ ನನ್ನ ಕೆಲಸ. ನನ್ನ ಪಾಟಿಚೀಲ, ಪುಸ್ತಕ, ಕೂದಲು ಎಲ್ಲವೂ ನಿಂಬೆಯ ವಾಸನೆ. ಅಪ್ಪ ಚೀಲಗಳನ್ನು ಸಿಂದಗಿ ಸಂತೆಗೆ ಒಯ್ಯುತ್ತಿದ್ದ. ಸಂತೆಯಲ್ಲಿ ಅವನೂ ಗೌರವ್ವನ ಗಂಡ ಸಣ್ಣಜ್ಜನೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರಂತೆ. ಇಂಡಿಗೆ ಬಂದು ಬಸ್ಸಿನಿಂದ ಇಳಿದರೆ ಒಬ್ಬರಿಗೊಬ್ಬರು ಗುರುತಿಲ್ಲ! ಎರಡೂ ಮನೆಯ ಅಡುಗೆಮನೆಗಳು ಮಾತ್ರ ಬೆನ್ನಿಗೆ ಬೆನ್ನು ಹಚ್ಚಿಕೊಂಡಿದ್ದವು. ನಡುವಿನ ಗೋಡೆ ತೆಳ್ಳಗಿತ್ತು. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಆಯಿ ರೊಟ್ಟಿ ಬಡಿಯುವಾಗ ಆ ಕಡೆಯೂ ರೊಟ್ಟಿ ಬಡಿಯುವ ಸಪ್ಪಳ. ಹದಿಮೂರು ವರ್ಷ ಆ ಇಬ್ಬರು ಹೆಂಗಸರು ಒಂದೇ ಗೋಡೆಯ ಎರಡು ಬದಿಗೆ ಕೂತು ರೊಟ್ಟಿ ಬಡಿದರು, ಒಂದು ಮಾತೂ ಆಡದೆ.

ನಾನು ಏಳನೆಯ ಇಯತ್ತೆಗೆ ಬಂದ ವರ್ಷ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸಲು ವಿಮಲಾ ಅಕ್ಕೋರು ಬಂದರು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಶಾಲೆಯ ಬೋರ್ಡಿನಲ್ಲಿ ಹಳೆಯ ಅಕ್ಷರದ ಮೇಲೆ ಹೊಸ ಬಣ್ಣ ಬಳಿದಿದ್ದರು. ಅಕ್ಕೋರು ಧಾರವಾಡದವರು, ಒಂದು ಟ್ರಂಕು, ಒಂದು ಮಡಿಚುವ ಕುರ್ಚಿ ತಂದಿದ್ದರು. ಅವರು ಬಾಡಿಗೆಗೆ ಹಿಡಿದದ್ದು ಸಣ್ಣಾಯಿಯ ಕಡೆಯ ಮುಂದಿನ ಕೋಣೆ. ಅದಕ್ಕೆ ಬೀದಿಗೊಂದು ಬಾಗಿಲು, ಒಳಮನೆಗೊಂದು ಬಾಗಿಲು. ಸಂಜೆ ಅವರ ಹತ್ತಿರ ಹೋಗಿ ಓದುತ್ತೇನೆ ಎಂದಾಗ ಆಯಿ ಬಹಳ ಹೊತ್ತು ಯೋಚಿಸಿ ಅಪ್ಪಣೆ ಕೊಟ್ಟಳು.

“ಅಲ್ಲಿ ಬಾಡಗಿ ಇರೂದು ಅಕ್ಕೋರ ಕರ್ಮ. ನೀ ಬೀದಿ ಬಾಗಲಿಂದ ಹೋಗು, ಬೀದಿ ಬಾಗಲಿಂದ ಬಾ. ಒಳಗಿನ ಹೊಸ್ತಿಲಾ ದಾಟಿದಿ ಅಂದ್ರ ಕಾಲ ಮುರೀತೇನಿ.”

ಅಲ್ಲಿಯವರೆಗೆ ನಮಗೆ ಇಂಗ್ಲಿಷ್ ನಿಬಂಧ ಎಂದರೆ ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಇಳಿಸುವುದು. ಇಡೀ ವರ್ಗದ ಆಕಳು ಒಂದೇ ಆಕಳು. ಅಕ್ಕೋರು ಮೊದಲನೆಯ ದಿನ ನಾಲ್ಕಾರು ನೋಟುಬುಕ್ಕು ತಿರುವಿ, ಯಾರ ಮನೆಯಲ್ಲಿ ಆಕಳಿದೆ ಎಂದು ಕೇಳಿದರು. ನಮ್ಮ ಓಣಿಯ ಮಹಾನಂದಾ ಎದ್ದು ನಿಂತಳು.

“ನಿಮ್ಮ ಆಕಳ ಹೆಂಗ ಅದ?”

“ಅದಕ್ಕ ಒಂದ ಕೋಡ್ರಿ ಅಕ್ಕೋರ. ಇನ್ನೊಂದ ಮುರದೈತ್ರಿ.”

“ಮತ್ತ ಇಲ್ಲಿ ಎರಡು ಅಂತ ಬರದೀ?”

“ಗೈಡಿನಾಗ ಎರಡ ಅದಾವ್ರಿ.”

ನಾವೆಲ್ಲ ನಕ್ಕೆವು. ಅಕ್ಕೋರು ನಗಲಿಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದರು: ಅವರ್ ಕೌ ಹ್ಯಾಸ್ ಒನ್ ಹಾರ್ನ್. ನಮ್ಮ ಆಕಳಿಗೆ ಒಂದು ಕೋಡು. ನನ್ನ ಮೈ ಜುಮ್ಮೆಂದಿತು. ಇಂಗ್ಲಿಷ್ ಎಂಬುದು ಎಲ್ಲೋ ದೂರ, ಪುಸ್ತಕದೊಳಗೆ, ನಮಗೆ ಸಂಬಂಧವಿಲ್ಲದ ಆಕಳುಗಳನ್ನು ಕಟ್ಟಿಕೊಂಡಿದ್ದ ಭಾಷೆ. ಅದರೊಳಕ್ಕೆ ನಾನು ದಿನಾ ಹುಲ್ಲು ತಿನ್ನಿಸುತ್ತಿದ್ದ ಮಹಾನಂದಾಳ ಒಂಟಿಕೋಡಿನ ಆಕಳು ನಡೆದುಕೊಂಡು ಹೋಗಿ ನಿಂತಿತ್ತು. ಮುಂದೆ ನಾನೂ ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಆ ಒಂದು ಸಾಲಿನ ಮುಂದೆ ನಿಂತಾಗ ಆದ ಬೆರಗು ಮತ್ತೆ ಯಾವ ಪುಸ್ತಕದ ಮುಂದೆಯೂ ಆಗಲಿಲ್ಲ.

ಅಕ್ಕೋರ ಕೆಂಪು ಪೆನ್ಸಿಲು ತಪ್ಪಿಗೆ ಗೆರೆ ಎಳೆಯುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಬರೆಯುತ್ತಿತ್ತು. ಮೊದಲು ಏನಾಯಿತು? ಯಾರು ನೋಡಿದರು? ಒಳ್ಳೆಯವಳು ಎಂದು ಬರೆದರೆ, ಯಾಕೆ? ಅವರು ನಮಗೆ ಒಂದು ಆಟ ಕಲಿಸಿದರು. ಒಬ್ಬಳು ಒಂದು ಮಾತು ಹೇಳಬೇಕು. ಅದಕ್ಕೆ ಎದುರು ಹೇಳುವವಳು ಮೊದಲು ಆಕೆಯ ಮಾತನ್ನು ತಿರುಗಿ ಹೇಳಿ, ಆಕೆ ‘ಹೌದು, ನಾನು ಹೇಳಿದ್ದು ಇದೇ’ ಎಂದ ಮೇಲೆಯೇ ತನ್ನ ಮಾತು ಶುರು ಮಾಡಬೇಕು. ಈ ಆಟವನ್ನು ಮನೆಯಲ್ಲಿ ಆಡಿಸಲು ಹೋಗಿ ನಾನು ಸೋತೆ. ನಮ್ಮಲ್ಲಿ ಊಟದ ಹೊತ್ತಿಗೆ ಆಯಿ, ಅಪ್ಪ, ಅವ್ವ ಮೂವರೂ ಒಟ್ಟಿಗೇ ಮಾತಾಡುವುದು ರೂಢಿ. ಅಪ್ಪನ ಮಾತನ್ನು ತಿರುಗಿ ಹೇಳು ಎಂದು ಆಯಿಗೆ ಹೇಳಿದರೆ, “ಅಂವಾ ಹೇಳೂದ ನನಗ ಗೊತ್ತಿಲ್ಲೇನು? ನಾನ ಹಡದೀನಿ ಅಂವನ್ನ,” ಎಂದಳು.

ಶ್ರಾವಣ ಕಳೆದ ಮೇಲೆ ಅಕ್ಕೋರು ಒಂದು ನಿಬಂಧ ಕೊಟ್ಟರು. ನೀವು ಬಲ್ಲ ಒಂದು ಜಗಳ. ಅರ್ಧ ಪುಟ ಈ ಕಡೆಯವರ ಮಾತು, ಅರ್ಧ ಪುಟ ಆ ಕಡೆಯವರ ಮಾತು. ಮೊದಲು ಕನ್ನಡದಲ್ಲಿ ಬರೆದು ತೋರಿಸಿ, ಆಮೇಲೆ ಇಂಗ್ಲಿಷಿಗೆ ತರಬೇಕು. ಆ ಕಡೆಯವರು ಓದಿದರೆ, ‘ನಾನು ಹೇಳಬೇಕೆಂದಿದ್ದು ಇದೇ’ ಎನ್ನಬೇಕು. ನನಗೆ ಜಗಳ ಹುಡುಕಿಕೊಂಡು ಹೋಗುವ ಕಷ್ಟವೇ ಇರಲಿಲ್ಲ. ನಿಂಬೆಯ ರಾಶಿಗೆ ಒರಗಿ ಕೂತು ಒಂದೇ ಉಸಿರಿಗೆ ತಾಟಿನ ಕಥೆ ಬರೆದೆ. ಎರಡನೆಯ ಅರ್ಧಕ್ಕೆ ಬಂದಾಗ ಮೂರು ಸಾಲಿಗೆ ಪೆನ್ಸಿಲು ನಿಂತಿತು. ಆಕೆ ಕೆಟ್ಟ ಹೆಂಗಸು. ಆಕೆಗೆ ಸೊಕ್ಕು. ಆಕೆಯ ಹತ್ತಿರ ಉತ್ತರವಿಲ್ಲ. ಮರುದಿನ ನೋಟುಬುಕ್ಕು ತಿರುಗಿ ಬಂತು. ಮೂರು ಸಾಲಿನ ಕೆಳಗೆ ಕೆಂಪಕ್ಷರದಲ್ಲಿ, ‘ನೀನು ಕೇಳಿದೆಯಾ?’ ಎಂದಿತ್ತು. ನನಗೆ ಹೆಚ್ಚು ಚುಚ್ಚಿದ್ದು ಮೇಲಿನ ಅರ್ಧದ ಪಕ್ಕದಲ್ಲಿದ್ದ ಪ್ರಶ್ನೆ: ‘ಯಾರು ನೋಡಿದರು?’

ಮರುದಿನ ಮುಂಜಾನೆ ಆಯಿ ರೊಟ್ಟಿ ಬಡಿಯುವಾಗ ಹತ್ತಿರ ಹೋಗಿ ಕೂತೆ.

“ಆಯಿ, ಮುತ್ಯಾನ ತಾಟ ಕಸ್ಕೊಂಡಾಗ ನೀ ಅಲ್ಲೇ ಇದ್ದೇನು?”

“ನಾ ಎಲ್ಲಿ ಇರ್ಲಿ? ತ್ವಾಟದಾಗ ಹಣ್ಣ ಹರಿಸಾಕತ್ತಿದ್ದೆ. ಸಂಜಿಕ ಬಂದ್ರ ಅವ್ರು ಮಾರಿ ಸಣ್ಣ ಮಾಡ್ಕೊಂಡು ಕುಂತಿದ್ರು. ಗೌರವ್ವ ತಾಟ ಕಸ್ಕೊಂಡ್ಲು, ಸಾಕ ಏಳ್ರಿ ಅಂದ್ಲು ಅಂದ್ರು.”

“ಮತ್ತೇನಂದ್ರು?”

“ಇನ್ನೇನ ಅನಬೇಕು? ಅಷ್ಟ ಅಂದ್ರು.”

“ಮುತ್ಯಾಗ ಹೊಟ್ಯಾಗ ಹುಣ್ಣಾಗಿತ್ತಂತ ಅವ್ವ ಹೇಳ್ತಾಳ. ನೀ ಬರೇ ನುಚ್ಚು, ಹಾಲು ಕೊಡತಿದ್ದೆಂತ. ಮತ್ತ ಅಂವಾ ಅವರ ಅಡಗಿಮನ್ಯಾಗ ಯಾಕ ಉಣ್ಣಾಕ ಕುಂತಿದ್ದ?”

ಆಯಿಯ ಕೈ ನಿಂತಿತು. ರೊಟ್ಟಿ ಅರ್ಧಕ್ಕೆ ನಿಂತಿತ್ತು. ಗೋಡೆಯ ಆ ಕಡೆಯ ಸಪ್ಪಳವೂ ನಿಂತಿದ್ದು ನನ್ನ ಲಕ್ಷ್ಯಕ್ಕೆ ಬಂತು.

“ತಮ್ಮನ ಮನ್ಯಾಗ ಉಣ್ಣಬಾರದೇನು? ಏಳು, ಸಾಲಿಗೆ ಹೊತ್ತಾತು,” ಎಂದು ಆಯಿ ಹಿಟ್ಟಿನ ಕೈಯಿಂದಲೇ ನನ್ನ ಭುಜಕ್ಕೆ ಒಂದು ಕೊಟ್ಟಳು. ಶಾಲೆಯ ತನಕ ಆ ಬಿಳಿ ಕೈಗುರುತನ್ನು ಹೊತ್ತುಕೊಂಡೇ ನಡೆದೆ. ಹದಿಮೂರು ವರ್ಷದ ಜಗಳ, ನಡುಮನೆಯಲ್ಲಿ ಎದ್ದ ಗೋಡೆ, ಇಷ್ಟೆಲ್ಲವೂ ಒಬ್ಬರು ಸಂಜೆ ಹೊತ್ತಿನಲ್ಲಿ ಆಡಿದ ಒಂದು ಮಾತಿನ ಮೇಲೆ ನಿಂತಿತ್ತು. ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

ಸಂಜೆ ಅಕ್ಕೋರ ಕೋಣೆಯಲ್ಲಿ ಒಳಬಾಗಿಲನ್ನೇ ನೋಡುತ್ತ ಕೂತಿದ್ದೆ. ನನ್ನ ಜೊತೆ ಒಳಗೆ ಬರುತ್ತೀರಾ ಎಂದು ಕೇಳಿದೆ.

“ಇಲ್ಲವಾ, ನಾ ಬರೂದಿಲ್ಲ,” ಎಂದರು ಅಕ್ಕೋರು. “ಅವರು ಹೇಳಿದ್ದನ್ನ ಅವರು ಹೇಳಿದ್ಹಾಂಗ ಬರ್ಕೋ. ನಡುವ ನೀ ಹೌದು ಅನಬ್ಯಾಡ, ಅಲ್ಲ ಅನಬ್ಯಾಡ. ಎಲ್ಲಾ ಮುಗದ ಮ್ಯಾಲೆ ಬರದಿದ್ದನ್ನ ಅವರಿಗೇ ಓದಿ ಹೇಳು. ಒಂದ ನೆನಪಿಡು, ಆ ಮಾತು ಅವರದು, ನಿಂದಲ್ಲ.”

ಹೊಸ್ತಿಲು ದಾಟಿದೆ. ಒಳಗಿನ ಪಡಸಾಲೆ ಕಂಡು ನನಗೆ ದಿಗಿಲಾಯಿತು. ಅದು ನಮ್ಮದೇ ಪಡಸಾಲೆ. ಅದೇ ಕಂಬ, ಅದೇ ಗೂಡು, ಎಲ್ಲವೂ ಎಡಬಲ ಬದಲಾಗಿ. ಸಣ್ಣಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತೆಳ್ಳನೆಯ ಹೆಂಗಸು, ನಾನು ಎಣಿಸಿದ್ದಕ್ಕಿಂತ ಎಷ್ಟೋ ಗಿಡ್ಡ. ತಲೆಯೆತ್ತಿ ನೋಡಿ, ಯಾರು ಎಂದು ಕೇಳಲಿಲ್ಲ.

“ಮುಂಜಾನಿ ನೀ ಕೇಳಿದ್ದು ಕೇಳಸ್ತು,” ಎಂದಳು. “ಏನ ಮಾಡ್ತಿ ತಿಳ್ಕೊಂಡು?”

“ಬರೀತೇನ್ರಿ. ಇಂಗ್ಲಿಷಿನಾಗ. ಅಕ್ಕೋರು ಹೇಳ್ಯಾರ.”

“ಇಂಗ್ಲಿಷಿನಾಗ? ನಿಮ್ಮ ಆಯಿಗೆ ಇಂಗ್ಲಿಷ್ ಬರತೈತೇನು?”

“ಇಲ್ಲರಿ.”

“ನಿಮ್ಮ ಅಪ್ಪಗ?”

“ಅವಗೂ ಬರೂದಿಲ್ಲರಿ.”

ಸಣ್ಣಾಯಿ ಮೊರವನ್ನು ಬದಿಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಹಂಗಾದ್ರ ಬರ್ಕೋ. ಆದ್ರ ಈ ಮಾತು ಗ್ವಾಡಿ ಆ ಕಡಿ ಹೋಗಬಾರದು.”

ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಆಕೆ ಹೇಳಿದಳು. ನಾನು ಕನ್ನಡದಲ್ಲಿ ಬರೆದುಕೊಂಡೆ.

“ಮಧ್ಯಾಹ್ನ ಅಕ್ಕ, ಅಂದ್ರ ನಿಮ್ಮ ಆಯಿ, ತ್ವಾಟಕ್ಕ ಹ್ವಾದ ಮ್ಯಾಲ ಭಾವಾರು ಬಂದು ನನ್ನ ಅಡಗಿಮನಿ ಬಾಗಲಾಗ ನಿಲ್ಲತಿದ್ರು. ಸುಮ್ಮನ ನಿಲ್ಲೂದು. ಮೊದಲನೇ ದಿನ ನಾ ಏನೂ ಕೊಡಲಿಲ್ಲ. ಎರಡನೇ ದಿನಾನೂ ಕೊಡಲಿಲ್ಲ. ಮೂರನೇ ದಿನ ತಾಟ ಇಟ್ಟೆ. ಬಿಸಿ ರೊಟ್ಟಿ, ಬದನಿಕಾಯಿ ಎಣ್ಣೆಗಾಯಿ, ಕೆಂಪ ಮೆಣಸಿನಕಾಯಿ ರಂಜಕ. ಕಣ್ಣಾಗ ನೀರ ಬರೂವಂಗ ಉಂಡ್ರು. ಹೆಂಗ ಇಲ್ಲ ಅನ್ಲಿ? ಬ್ಯಾಸಗಿ ಪೂರ್ತಿ ಹಾಕಿದೆ. ಒಂದಿನ ಉಣಕೋತ ಉಣಕೋತ ಹೊಟ್ಟಿ ಹಿಡ್ಕೊಂಡ್ರು. ಮಾರಿಯೆಲ್ಲಾ ಬೆವತ ಹೋತು. ಆದ್ರೂ ಕೈ ಮತ್ತ ತಾಟಿಗೇ ಹೊಂಟಿತ್ತು. ನನಗ ಹೆದರಿಕಿ ಆತು. ತಾಟ ತಗದೆ. ಸಾಕ್ರಿ ಭಾವಾ, ಏಳ್ರಿ ಅಂದೆ. ಖರೇನ ಅಂದೆ. ಅವರು ಸಿಟ್ಟಾಗಿ ಎದ್ದ ಹ್ವಾದ್ರು, ಮತ್ತ ಬರಲಿಲ್ಲ.”

“ಆಯಿಗೆ ಯಾಕ ಹೇಳಲಿಲ್ರಿ?”

“ಹೇಳಬ್ಯಾಡ ಅಂತ ಆಣಿ ಹಾಕಿದ್ರು. ಅವ್ರು ಹ್ವಾದ ಮ್ಯಾಲರ ಏನಂತ ಹೇಳಬೇಕಿತ್ತು? ಖಾರ ಹಾಕಿ ಹಾಕಿ ನಾನ ಕೊಂದೆ ಅಂತ ಹೇಳಬೇಕಿತ್ತೇನು?”

ಅಕ್ಕೋರು ಹೇಳಿದಂತೆ ಎಲ್ಲವನ್ನೂ ಓದಿ ತೋರಿಸಿದೆ. ಒಂದು ಕಡೆ ನಾನು ‘ಭಾವನವರು ಊಟ ಕೇಳಿದರು’ ಎಂದು ಬರೆದುಕೊಂಡಿದ್ದೆ. ಸಣ್ಣಾಯಿ ಕೈಯೆತ್ತಿ ನಿಲ್ಲಿಸಿದಳು.

“ಕೇಳಲಿಲ್ಲ. ನಿಂತಿದ್ರು. ಕೇಳಿದ್ರು ಅಂತ ಬರೀಬ್ಯಾಡ.”

ಅದನ್ನು ಇಂಗ್ಲಿಷಿಗೆ ತರಲು ನನಗೆ ನಾಲ್ಕು ದಿನ ಹಿಡಿಯಿತು. ನನಗಿದ್ದದ್ದು ಎಷ್ಟು ಇಂಗ್ಲಿಷ್? ಇನ್ನೂರೋ ಮುನ್ನೂರೋ ಶಬ್ದ. ಆದರೆ ಆ ನಾಲ್ಕು ದಿನ ನನಗೊಂದು ವಿಚಿತ್ರ ಸಂಗತಿ ಕಾಣತೊಡಗಿತು. ನಮ್ಮ ಮನೆಯಲ್ಲಿ ಸಣ್ಣಾಯಿಯ ಮಾತು ಬಂದರೆ ಪ್ರತಿ ಶಬ್ದದ ಬೆನ್ನಿಗೊಂದು ಬೈಗುಳ ಅಂಟಿಕೊಂಡೇ ಬರುತ್ತಿತ್ತು. ಬೈಗುಳವಿಲ್ಲದೆ ಆಕೆಯ ಬಗ್ಗೆ ಕನ್ನಡದಲ್ಲಿ ಹೇಗೆ ಮಾತಾಡಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಇಂಗ್ಲಿಷಿನಲ್ಲಿ ನನಗೆ ಒಂದೂ ಬೈಗುಳ ಬರುತ್ತಿರಲಿಲ್ಲ! ಅವನು ಬಂದ, ಅವನು ನಿಂತ, ಅವಳು ತಾಟು ಇಟ್ಟಳು, ಅವನು ಉಂಡ. ಇಷ್ಟು ಮಾತ್ರ ಬರುತ್ತಿತ್ತು. ನಡೆದದ್ದು ಮಾತ್ರ ಪುಟದ ಮೇಲೆ ಉಳಿಯುತ್ತಿತ್ತು. ಕಸಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಅಕ್ಕೋರನ್ನು ಕೇಳಿದೆ. ಅವರು ಎರಡು ಶಬ್ದ ಕೊಟ್ಟರು. ‘ಸ್ನ್ಯಾಚ್ಡ್’ ಎಂದರೆ ಕಸಿದುಕೊಂಡಳು, ‘ಟುಕ್ ಅವೇ’ ಎಂದರೆ ತೆಗೆದಳು. ಯಾವುದು ಬೇಕೋ ನೀನೇ ಆರಿಸಿಕೋ ಎಂದರು. ಅವತ್ತು ಹಣ್ಣು ಆರಿಸುವ ಕೈ ಎಷ್ಟು ಸಲ ನಿಂತಿತೋ. ಕೊನೆಗೆ ಮೇಲಿನ ಅರ್ಧದಲ್ಲಿ ಕಸಿದುಕೊಂಡಳು ಎಂದು ಬರೆದೆ, ಕೆಳಗಿನ ಅರ್ಧದಲ್ಲಿ ತೆಗೆದಳು ಎಂದು ಬರೆದೆ. ಒಂದೇ ತಾಟು, ಒಂದೇ ಕೈ. ಒಂದು ಶಬ್ದ ಬದಲಾದ ಕೂಡಲೇ ಬೇರೆಯೇ ಒಬ್ಬ ಹೆಂಗಸು ಅಲ್ಲಿ ನಿಂತಿದ್ದಳು. ಶಬ್ದಕ್ಕೆ ಇಷ್ಟು ಬಲವಿದೆಯೆಂದು ತಿಳಿದು ನನಗೆ ಹೆದರಿಕೆಯೇ ಆಯಿತು.

ಅಕ್ಕೋರು ಓದಿ ಕ್ರಿಯಾಪದಗಳನ್ನು ತಿದ್ದಿಕೊಟ್ಟರು. ಯಾರದು ಖರೆ ಅಕ್ಕೋರ ಎಂದು ಕೇಳಿದೆ.

“ಮೊದಲನೇ ಅರ್ಧ ಓದಿದಾಗ ನನಗ ಗೊತ್ತಿತ್ತು,” ಎಂದರು. “ಎರಡನೇದು ಓದಿದ ಮ್ಯಾಲೆ ಗೊತ್ತಿಲ್ಲ. ಛಲೋ ಬರದೀ.”

ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಹಾನಂದಾ ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು, ಅವಳಿಗೂ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು. ಅವಳು ತನ್ನ ತಾಯಿಗೆ ಹೇಳಿದಳು, ಆ ತಾಯಿ ಹಿಟ್ಟಿನ ಗಿರಣಿಯಲ್ಲಿ ಆಯಿಗೆ ಹೇಳಿದಳು: ನಿನ್ನ ಮೊಮ್ಮಗಳು ಗೌರವ್ವನ ಮನೆಯೊಳಗೆ ಹೋಗಿ ತಾಟಿನ ಕಥೆ ಬರೆದುಕೊಂಡು ಬಂದಿದ್ದಾಳೆ. ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಆಯಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಒಲೆ ಆರಿತ್ತು. ಅಪ್ಪ ಹಣ್ಣಿನ ಚೀಲ ತೆಗೆದುಕೊಂಡು ಸಿಂದಗಿಗೆ ಹೋಗಿದ್ದ. ಅವ್ವ ಬಾಗಿಲ ಹತ್ತಿರ ನಿಂತಿದ್ದಳು.

“ಹೊಸ್ತಿಲಾ ದಾಟಿದ್ಯಾ?”

“ಹೂಂ.”

“ಆಕಿ ಏನ ಹೇಳ್ಯಾಳ, ಓದು.”

ಕಾಲು ಮುರಿಸಿಕೊಳ್ಳಲು ನಾನು ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಓದಿದರೆ ಕೊಟ್ಟ ಮಾತು ಮುರಿದಂತೆ. ಏನೂ ಹೇಳಲಿಲ್ಲ ಎಂದರೆ ಸುಳ್ಳು. ನೋಟುಬುಕ್ಕನ್ನು ಎದೆಗೆ ಅವಚಿಕೊಂಡೆ.

“ಆಯಿ, ಇದು ನಂದಲ್ಲ. ಅವರ ಮಾತು. ಅವರನ್ನ ಕೇಳಿ ಬರ್ತೇನಿ.”

ಆ ಮನೆಯಲ್ಲಿ ಆಯಿಗೆ ಯಾರೂ ಹಾಗೆ ಹೇಳಿರಲಿಲ್ಲ. ಆಕೆ ಎದ್ದು ಬರುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಆಗ ಅವ್ವ, ಅತ್ತೆಯ ಎದುರು ಎಂದೂ ದನಿ ಎತ್ತದ ಅವ್ವ, ಬಾಗಿಲು ಬಿಟ್ಟು ಸರಿದು ನಿಂತಳು.

“ಕೇಳಿ ಬರ್ಲಿ ಬಿಡ್ರಿ ಅತ್ತಿ,” ಎಂದಳು.

ನಾನು ಓಡಿದೆ. ಸಣ್ಣಾಯಿಗೆ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಎದ್ದು ಕಂಬ ಹಿಡಿದಳು. ಬೇಡ ಎಂದಿದ್ದರೆ ನಾನು ನೋಟುಬುಕ್ಕನ್ನು ಬಾವಿಗೆ ಎಸೆಯುತ್ತಿದ್ದೆನೇನೋ. ಆಕೆ ಬೇಡ ಎನ್ನಲಿಲ್ಲ.

“ಎಷ್ಟ ವರ್ಷ ಅಂತ ಹೊರ್ಲಿ? ಓದು,” ಎಂದಳು. “ಒಂದಕ್ಷರಾ ಬಿಡಬ್ಯಾಡ. ನಾ ಗ್ವಾಡಿ ಈ ಕಡಿ ಕುಂತಿರ್ತೇನಿ.”

ಹೀಗೆ ನಾನು ನಮ್ಮ ಅಡುಗೆಮನೆಯಲ್ಲಿ, ಆ ತೆಳು ಗೋಡೆಯ ಹತ್ತಿರ ಕೂತು ಓದತೊಡಗಿದೆ. ಆ ಕಡೆ ಬಳೆಗಳ ಸಪ್ಪಳ ಕೇಳಿ ಸಣ್ಣಾಯಿ ಬಂದು ಕೂತಳೆಂದು ಗೊತ್ತಾಯಿತು. ಆಯಿಗೂ ಗೊತ್ತಾಯಿತು. ಮೊದಲು ಬರೆದದ್ದನ್ನು ಬರೆದಂತೆಯೇ ಓದು ಎಂದಳು ಆಯಿ. ಇಂಗ್ಲಿಷಿನಲ್ಲಿ ಓದಿದೆ. ಒಂದು ಶಬ್ದ ತಿಳಿಯದಿದ್ದರೂ ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಪುರಾಣ ಕೇಳುವವರ ಹಾಗೆ. ಆ ಪರಕೀಯ ಸಾಲುಗಳ ನಡುವೆ ‘ಗುರಪ್ಪ’ ಎಂದು ಮುತ್ಯಾನ ಹೆಸರು ಬಂದಾಗಲೆಲ್ಲ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಆಮೇಲೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಮೇಲಿನ ಅರ್ಧ ಮುಗಿದಾಗ, “ಹೌದು, ನಾ ಹೇಳಿದ್ದು ಇದ,” ಎಂದಳು. ಕೆಳಗಿನ ಅರ್ಧವನ್ನು ಸಣ್ಣಾಯಿ ಆಡಿದ ಮಾತಿನಲ್ಲೇ ಹೇಳತೊಡಗಿದೆ. ಭಾವನವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಮೂರನೆಯ ದಿನ ತಾಟು ಇಟ್ಟೆ. ಆಯಿ ಕಣ್ಣು ತೆರೆದಳು. ನಾನು ನಿಲ್ಲಿಸಲಿಲ್ಲ, ಒಂದಕ್ಷರ ಬಿಡಬೇಡ ಎಂದಿದ್ದಳಲ್ಲ ಸಣ್ಣಾಯಿ. ಕೊಂದೆ ಎಂಬ ಮಾತಿನ ತನಕ ಹೇಳಿ ಮುಗಿಸಿದೆ.

ಆಯಿ ಕೂಗಾಡುತ್ತಾಳೆಂದು ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು. ಆಯಿ ಕೂಗಾಡಲಿಲ್ಲ. ನಾನೆಂದೂ ಕೇಳದ ಸಣ್ಣ ದನಿಯಲ್ಲಿ, ನನ್ನನ್ನೇ ನೋಡುತ್ತ ಕೇಳಿದಳು.

“ಹೊಟ್ಟಿ ತುಂಬ ಉಣ್ತಿದ್ರಂತೇನು?”

ನಾನು ಪುಟ ನೋಡಿದೆ. ಅದು ಪುಟದಲ್ಲಿ ಇರಲಿಲ್ಲ. ಆ ಪ್ರಶ್ನೆ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಆ ಕಡೆಯಿಂದ ಉತ್ತರ ಬಂತು.

“ಉಣ್ತಿದ್ರಕ್ಕಾ. ಹೊಟ್ಟಿ ತುಂಬ ಉಣ್ತಿದ್ರು.”

ಆಯಿ ತಿರುಗಿ ಗೋಡೆಗೆ ಮುಖ ಮಾಡಿ ಕೂತಳು.

“ಎಷ್ಟ ರೊಟ್ಟಿ?”

“ಮೂರು. ಒಮ್ಮೊಮ್ಮೆ ನಾಕು.”

“ನಾಕು!” ಎಂದಳು ಆಯಿ. ಆ ದನಿಯಲ್ಲಿ ಸಿಟ್ಟಿತ್ತೋ ಸಂತೋಷವಿತ್ತೋ, ಇವತ್ತಿಗೂ ನನಗೆ ಹೇಳಲು ಬಾರದು. ಆಮೇಲೆ ಆಕೆ ಅಳತೊಡಗಿದಳು. ಆಯಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ನನ್ನ ಮನ್ಯಾಗ ಹಸಗೊಂಡ ಸತ್ರು ಅಂತ ತಿಳದಿದ್ದೆ ಗೌರಾ. ದಿನಾ ನುಚ್ಚ ಇಟ್ಟರ ಮಾರಿ ಆ ಕಡಿ ತಿರಗಸ್ತಿದ್ರು. ನಾನ ಉಪಾಸ ಕೆಡವಿ ಸಾಯಿಸ್ದೆ ಅಂತ ತಿಳದಿದ್ದೆ. ಆ ತಪ್ಪ ಹೊರಲಾರದ ನಿನ್ನ ಮ್ಯಾಲ ಹಾಕಿದೆ.”

“ಖಾರ ಹಾಕಿದಾಕಿ ನಾ ಅಕ್ಕಾ. ನನ್ನಿಂದ…”

“ನಿನ್ನಿಂದ ಅಲ್ಲ!” ಆಯಿ ಗೋಡೆಗೆ ಅಂಗೈಯಿಂದ ಹೊಡೆದಳು. “ವಿಜಾಪುರದ ಡಾಕ್ಟರ್ ನನ್ನ ಹೊರಗ ಕರದು ಹೇಳಿದ್ದ. ಇನ್ನ ಭಾಳ ದಿನ ಇಲ್ಲ, ಏನ ಕೊಟ್ರೂ ಅಷ್ಟ, ಬಿಟ್ರೂ ಅಷ್ಟ ಅಂತ. ನಾ ಯಾರಿಗೂ ಹೇಳಲಿಲ್ಲ. ನನ್ನ ಮಗಗೂ ಹೇಳಲಿಲ್ಲ. ನುಚ್ಚು, ಹಾಲು ಕೊಟ್ಟರ ಉಳದಾರೇನೋ ಅಂತ ಕೊಟ್ಟೆ. ನಿನ್ನ ಖಾರಕ್ಕ ಸತ್ತಿಲ್ಲ ಅವ್ರು. ಕೇಳಿದೇನು? ನಿನ್ನ ಖಾರಕ್ಕ ಸತ್ತಿಲ್ಲ.”

ಆ ಕಡೆಯಿಂದ ಅಳು ಕೇಳಿಸಿತು. ಅವ್ವನೂ ಅಳುತ್ತಿದ್ದಳು. ನಾನು ಮಾತ್ರ ನೋಟುಬುಕ್ಕು ಹಿಡಿದು ಕೂತಿದ್ದೆ. ಒಂದು ಪುಟ, ಮುರುಕು ಇಂಗ್ಲಿಷು, ತಿದ್ದಿಸಿಕೊಂಡ ಕ್ರಿಯಾಪದಗಳು. ಅದು ಇಷ್ಟನ್ನು ಮಾಡಬಲ್ಲದೆಂದು ನನಗೆ ಯಾರೂ ಹೇಳಿರಲಿಲ್ಲ. ಆಯಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿ, “ಡಾಕ್ಟರ್ ಹೇಳಿದ್ದೂ ಬರಿ ಅದರಾಗ,” ಎಂದಳು. ನಾನು ಅಲ್ಲೇ, ಪುಟದ ಕೊನೆಗೆ ಉಳಿದಿದ್ದ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದೆ. ಅವತ್ತು ನಾನು ಮಧ್ಯಾಹ್ನದ ಶಾಲೆಗೆ ಹೋಗಲಿಲ್ಲ. ಯಾರೂ ಹೋಗು ಎನ್ನಲೂ ಇಲ್ಲ.

ಅಪ್ಪ ಸಂಜೆ ಸಿಂದಗಿಯಿಂದ ಬಂದ. ಅಡುಗೆಮನೆಯಲ್ಲಿ ಆಯಿ ಯಾರೊಂದಿಗೋ ದೊಡ್ಡ ದನಿಯಲ್ಲಿ ಮಾತಾಡುತ್ತಿರುವುದು ಕೇಳಿ ನೆಂಟರು ಬಂದಿದ್ದಾರೆಂದು ಒಳಗೆ ಇಣುಕಿದ. ಆಯಿ ಒಬ್ಬಳೇ ಇದ್ದಳು. ಹಿಟ್ಟು ನಾದುತ್ತ, ಗೋಡೆಗೆ ಹೇಳುತ್ತಿದ್ದಳು. ಗೋಡೆಯೂ ತಿರುಗಿ ಉತ್ತರ ಕೊಡುತ್ತಿತ್ತು. ಅಪ್ಪ ಖಾಲಿ ಚೀಲಗಳನ್ನು ಹೆಗಲ ಮೇಲಿಂದ ಇಳಿಸುವುದನ್ನೂ ಮರೆತು ಬಾಗಿಲಲ್ಲಿ ನಿಂತುಬಿಟ್ಟ.

ವಿಮಲಾ ಅಕ್ಕೋರಿಗೆ ಮರುವರ್ಷ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಟ್ರಂಕು, ಕುರ್ಚಿ ಬಸ್ಸಿನ ಮೇಲೆ ಏರಿಸುವಾಗ ಆಯಿ, ಸಣ್ಣಾಯಿ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಬಂದು ಬೇರೆ ಬೇರೆ ಬುತ್ತಿ ಕಟ್ಟಿಕೊಟ್ಟರು. ಅಷ್ಟರೊಳಗೆ ಅವರಿಬ್ಬರಿಗೂ ದಿನಕ್ಕೆರಡು ಹೊತ್ತು ಗೋಡೆಗೆ ಕೂತು ಮಾತಾಡುವ ಚಟ ಹತ್ತಿತ್ತು. ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ, ಸೊಸೆಯರನ್ನು ಬೈಯುತ್ತ, ಹದಿಮೂರು ವರ್ಷದ ಬಾಕಿ ಮಾತು. ಈ ಕಡೆ ನಾವು ಒಂದು ಮಾತಾಡಬೇಕಾದರೆ ಕೂಗಬೇಕಾಗುತ್ತಿತ್ತು. ಅಪ್ಪನಿಗೆ ತಾಳದಾಯಿತು. ಇನ್ನೇಕೆ ಇದು, ಆಳು ಕರೆಸಿ ಗೋಡೆ ಕೆಡವಿಸುತ್ತೇನೆ ಎಂದ.

“ಬ್ಯಾಡ, ಇರ್ಲಿ ಬಿಡು,” ಎಂದಳು ಆಯಿ. “ಆಕಿ ಹೇಳೂದು ಈಗ ಛಲೋ ಕೇಳಸ್ತೈತಿ.”